ಒಂಬತ್ತನೆಯ ದಿನದ ಮೂವತ್ತು ಗ್ರಾಂ

ಆ ಗುರುವಾರ ಬೆಳಿಗ್ಗೆ ದಾರದಕ್ಕ ಪ್ರಾಣಿಗಳ ಆಸ್ಪತ್ರೆಯ ಬಾಗಿಲು ತಳ್ಳಿಕೊಂಡು ಬಂದಾಗ ಆಕೆಯ ಜೊತೆ ನಾಯಿ ಇರಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಆಕೆ ಆ ಬಾಗಿಲಲ್ಲಿ ಬರಿಗೈಯಲ್ಲಿ ಕಾಣಿಸಿಕೊಂಡದ್ದೇ ಇಲ್ಲ. ಸಿರಿಂಜು ಜೋಡಿಸುತ್ತಿದ್ದ ಕಾಂಪೌಂಡರು ಕೈಕೆಲಸ ಬಿಟ್ಟು ಎದ್ದು ನಿಂತರು.

ದಾರದಕ್ಕ ಎಂಬುದು ಊರು ಇಟ್ಟ ಹೆಸರು. ಆಕೆ ಲ್ಯಾಬ್ರಡಾರ್ ನಾಯಿಗಳನ್ನು ಸಾಕಿ, ಮರಿ ಮಾಡಿಸಿ ಕೊಡುವವಳು. ಎರಡು ವರ್ಷಕ್ಕೊಂದು ಸೂಲು, ಅದಕ್ಕಿಂತ ಹೆಚ್ಚಿಲ್ಲ. ಸೊಂಟದ ದೋಷ ಮರಿಗಳಿಗೆ ಇಳಿಯದಿರಲೆಂದು ತಾಯಿ ತಂದೆ ನಾಯಿಗಳೆರಡಕ್ಕೂ ಮೊದಲೇ ಎಕ್ಸ್‌ರೇ ಆಗಬೇಕು. ಹುಟ್ಟಿದ ಮರಿಗಳ ಕತ್ತಿಗೆ ಗುರುತಿಗಾಗಿ ಒಂದೊಂದು ಬಣ್ಣದ ಉಣ್ಣೆದಾರ ಕಟ್ಟಿ, ದಿನವೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಆ ತೂಕವನ್ನು ತನ್ನ ಪುಸ್ತಕದಲ್ಲೂ ಮರಿಯ ಕಾರ್ಡಿನಲ್ಲೂ ಬರೆಯುವಳು. ಒಂಬತ್ತು ವಾರ ತುಂಬುವ ಮೊದಲು ಮಂತ್ರಿಯೇ ಬಂದು ಕೈಮುಗಿದರೂ ಮರಿ ಕೊಡಳು. ಕೊಳ್ಳುವವರು ಮನೆಗೆ ಬಂದು ತಾಯಿಯನ್ನು ನೋಡಬೇಕು, ವರ್ಷಕ್ಕೊಮ್ಮೆ ನಾಯಿಯನ್ನು ಕರೆತಂದು ತೂಗಿಸಬೇಕು, ಸಾಕಲಾಗದಿದ್ದರೆ ಯಾವ ವಯಸ್ಸಿನಲ್ಲಾದರೂ ವಾಪಸು ತಂದುಬಿಡಬೇಕು. ಹೆಣ್ಣು ಕೊಡುವವರೂ ಇಷ್ಟು ವಿಚಾರಿಸುವುದಿಲ್ಲ ಎಂದು ಕಾಂಪೌಂಡರು ಎಷ್ಟೋ ಸಲ ರೇಗಿಸಿದ್ದರು.

ಅವತ್ತು ರೇಗಿಸುವ ಹಾಗಿರಲಿಲ್ಲ. ದಾರದಕ್ಕ ಬೆಂಚಿನ ತುದಿಯಲ್ಲಿ ಕುಳಿತು ಡಾಕ್ಟರಮ್ಮನಿಗೆ ಹೇಳಿದ್ದಿಷ್ಟು. ಆಕೆಯ ಹೆಸರಿನ ಕಾರ್ಡು ಕೊಟ್ಟು ಯಾರೋ ನಾಲ್ಕು ಮರಿ ಮಾರಿದ್ದರು. ವಾರದೊಳಗೆ ಮೂರು ಮರಿಗಳು ವಾಂತಿ ಭೇದಿಯಾಗಿ ಸತ್ತಿದ್ದವು. ಕೊಂಡವರು ಒಬ್ಬೊಬ್ಬರಾಗಿ ಮನೆ ಬಾಗಿಲಿಗೆ ಬಂದು ಬಾಯಿಗೆ ಬಂದಂತೆ ಬೈದು ಹೋಗಿದ್ದರು. ಭಾನುವಾರ ಶ್ವಾನಪ್ರಿಯರ ಸಂಘದ ಸಭೆಯಲ್ಲಿ ಆಕೆಯ ಹೆಸರನ್ನು ಪಟ್ಟಿಯಿಂದ ತೆಗೆದುಹಾಕುವವರಿದ್ದರು.

"ತೆಗೀಲಿ ಬಿಡಿ ಅಮ್ಮಾ," ಎಂದಳು. "ಆದ್ರೆ ನನ್ನ ಹೆಸರು ನಂಬಿ ಮೂರು ಮನೆ ಮಕ್ಕಳು ಮರಿ ಮಣ್ಣು ಮಾಡಿದ್ದಾವೆ. ಇದು ಯಾರ ಕೆಲಸ ಅಂತ ಗೊತ್ತಾಗದೆ ಹೋದ್ರೆ ನಾನು ಇನ್ನು ಮರಿ ಮಾಡ್ಸಲ್ಲ."

ಡಾಕ್ಟರಮ್ಮ ಕನ್ನಡಕ ಒರೆಸಿಕೊಂಡರು. ಊರಿನ ಪೊಲೀಸರು ತಲೆ ಕೆರೆದುಕೊಳ್ಳುವಾಗ ಮೆಲ್ಲಗೆ ಇದೇ ಆಸ್ಪತ್ರೆಗೆ ಬರುತ್ತಿದ್ದದ್ದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಮೂವತ್ತು ವರ್ಷ ಬಾಯಿಲ್ಲದ ರೋಗಿಗಳ ನೋವು ಕಂಡುಹಿಡಿದವರಿಗೆ ಬಾಯಿರುವವರ ಸುಳ್ಳು ಕಂಡುಹಿಡಿಯುವುದು ಯಾವ ಮಹಾ ಕೆಲಸ ಎಂಬುದು ಕಾಂಪೌಂಡರ ಸಿದ್ಧಾಂತ. ತಾವು ಇಲ್ಲದಿದ್ದರೆ ಡಾಕ್ಟರಮ್ಮನ ಅರ್ಧ ಕೇಸು ಬಗೆಹರಿಯುತ್ತಿರಲಿಲ್ಲ ಎಂಬುದೂ ಅವರ ಸಿದ್ಧಾಂತವೇ, ಅದನ್ನು ಮಾತ್ರ ಯಾರೂ ಒಪ್ಪಿರಲಿಲ್ಲ.

ನಾಲ್ಕನೆಯ ಮರಿ ಆಸ್ಪತ್ರೆಯ ಒಳಕೋಣೆಯಲ್ಲೇ ಇತ್ತು. ಅದನ್ನು ಕೊಂಡ ಬಸ್ ಡ್ರೈವರು ಡ್ಯೂಟಿಗೆ ರಜೆ ಹಾಕಿ, ಮಗಳ ಜೊತೆ ಗ್ಲೂಕೋಸ್ ಬಾಟಲಿ ನೋಡುತ್ತ ಕುಳಿತಿದ್ದ. ಡಾಕ್ಟರಮ್ಮ ಮರಿಯ ಬಾಯಿ ಬಿಡಿಸಿ ನೋಡಿದರು. ಕಾರ್ಡಿನ ಪ್ರಕಾರ ಅದಕ್ಕೆ ಒಂಬತ್ತು ವಾರ. ಅಷ್ಟು ಹೊತ್ತಿಗೆ ಹಾಲುಹಲ್ಲೆಲ್ಲ ಬಂದಿರಬೇಕಿತ್ತು, ಇದಕ್ಕೆ ದವಡೆಯ ಹಿಂದೆ ಬರೀ ಒಸಡು. ಹೆಚ್ಚೆಂದರೆ ಐದು ವಾರದ ಕೂಸು. ಆಮೇಲೆ ಬೆನ್ನ ಮೇಲಿಂದ ಬೆರಳಾಡಿಸುತ್ತ ಹೋಗಿ ಬಾಲದ ತುದಿಯಲ್ಲಿ ನಿಲ್ಲಿಸಿದರು.

"ಕಾಂಪೌಂಡ್ರೇ, ಇಲ್ಲಿ ಮುಟ್ಟಿ ನೋಡಿ."

ಬಟಾಣಿಯಷ್ಟು ದಪ್ಪದ ಗೆಣ್ಣು, ಅಲ್ಲಿಂದ ಬಾಲ ಕೊಂಚ ಸೊಟ್ಟ. ಪೆಟ್ಟಾಗಿರಬೇಕು ಎಂದರು ಕಾಂಪೌಂಡರು. ಹುಟ್ಟಿನಿಂದ ಬಂದದ್ದು ಎಂದರು ಡಾಕ್ಟರಮ್ಮ.

ಮಾರಿದವನ ಮುಖ ಡ್ರೈವರು ನೋಡಿರಲಿಲ್ಲ. ಹೆಲ್ಮೆಟ್ ತೆಗೆಯದ ಒಬ್ಬ ಗಂಡಸು ಬಸ್ ನಿಲ್ದಾಣದ ಹಿಂದೆ ರಟ್ಟಿನ ಪೆಟ್ಟಿಗೆಯಲ್ಲಿ ಮರಿ ತಂದುಕೊಟ್ಟಿದ್ದ. ದಾರದಕ್ಕನೇ ಕಳಿಸಿದ್ದು, ತಾಯಿಗೆ ಸೋಂಕು ತಗಲುತ್ತದೆಂದು ಅಕ್ಕ ಯಾರನ್ನೂ ಮನೆಗೆ ಬಿಡುವುದಿಲ್ಲ ಎಂದಿದ್ದ.

"ತಾಯಿನ ತೋರ್ಸಲ್ಲ ಅಂದಾಗ್ಲೇ ವಾಪಸ್ ಬರ್ಬೇಕಿತ್ತು," ಎಂದರು ಡಾಕ್ಟರಮ್ಮ.

ಡ್ರೈವರು ತಲೆ ತಗ್ಗಿಸಿದ. "ಮಗಳು ಅಷ್ಟೊತ್ತಿಗೆ ಮರಿ ಎತ್ಕೊಂಡುಬಿಟ್ಟಿದ್ಲು ಮೇಡಂ."

ಶುಕ್ರವಾರ ಡಾಕ್ಟರಮ್ಮ ಕಾಂಪೌಂಡರ ಸ್ಕೂಟರಿನ ಹಿಂದೆ ಕುಳಿತು ಹೊರಟರು. ಮೊದಲು ಹೋದದ್ದು ದಾರದಕ್ಕನ ಮೈದುನನ ಪ್ರಿಂಟಿಂಗ್ ಪ್ರೆಸ್ಸಿಗೆ, ಏಕೆಂದರೆ ಆಕೆಯ ಕಾರ್ಡು ಅಚ್ಚಾಗುವುದು ಅಲ್ಲೇ. ಅತ್ತಿಗೆಯ ನಾಯಿಗಳೆಂದರೆ ಅವನಿಗೆ ಅಷ್ಟಕ್ಕಷ್ಟೆ. ಮನೆಯ ಹಿತ್ತಲು ಪೂರ್ತಿ ನಾಯಿಗಳ ಪಾಲಾಯಿತೆಂದು ಅಣ್ಣನ ಹತ್ತಿರ ಜಗಳವಾಡಿದ್ದವನು. "ನಾನು ಅಚ್ಚು ಹಾಕೋನು. ಕೇಳಿದೋರಿಗೆಲ್ಲ ಹಾಕಿಕೊಡ್ತೀನಿ, ಅತ್ತಿಗೆಗೂ ಹಾಕ್ತೀನಿ, ಸಂಘಕ್ಕೂ ಹಾಕ್ತೀನಿ," ಎಂದು ಮಸಿ ಕೈ ಒರೆಸಿಕೊಳ್ಳುತ್ತ ಮುಖ ತಿರುಗಿಸಿದ. ಕಾಂಪೌಂಡರು ಅಲ್ಲೇ ಅವನನ್ನು ಅಪರಾಧಿಯೆಂದು ತೀರ್ಮಾನಿಸಿಬಿಟ್ಟರು.

ಆ ತೀರ್ಮಾನ ಒಂದು ಗಂಟೆ ಬಾಳಿತು. ದಾರದಕ್ಕನ ಹಳೆಯ ಕೆಲಸದಾಕೆ ಈಗ ಬಟ್ಟೆ ಅಂಗಡಿಯಲ್ಲಿದ್ದಳು. ಗೇಟು ಹಾಕದೆ ನಾಯಿಯೊಂದು ರಸ್ತೆಗಿಳಿದ ದಿನ ಮಾತಿಗೆ ಮಾತು ಬೆಳೆದು ಕೆಲಸ ಬಿಟ್ಟವಳು. "ಮೂರು ವರ್ಷ ಆ ಮರಿಗಳನ್ನ ತೂಗಿದ್ದೇ ನಾನು. ಹೊಗಳಿಸ್ಕೊಂಡಿದ್ದು ಅವ್ರು," ಎಂದು ಸೀರೆ ಮಡಿಸುತ್ತ ಗೊಣಗಿದಳು. ಹೊರಬಂದ ಕಾಂಪೌಂಡರು ಇವಳೇ, ಸಂಶಯವೇ ಇಲ್ಲ ಎಂದರು. ಡಾಕ್ಟರಮ್ಮ ಸ್ಕೂಟರ್ ಸ್ಟಾರ್ಟ್ ಮಾಡಲು ಹೇಳಿದರು.

ಕೊನೆಗೆ ಬಿಸ್ಕತ್ತಣ್ಣನ ಅಂಗಡಿ. ಸಾಕುಪ್ರಾಣಿಗಳ ಆಹಾರ ಮಾರುವ ಈತನೇ ಸಂಘದ ಕಾರ್ಯದರ್ಶಿ, ಬೀದಿನಾಯಿಗಳಿಗೆ ಬಿಸ್ಕತ್ತು ಹಾಕಿ ಹೆಸರು ಮಾಡಿದವನು. ದಾರದಕ್ಕನ ಕಷ್ಟ ಕೇಳಿ ಬಹಳ ನೊಂದುಕೊಂಡ. ಸದಸ್ಯರ ಒತ್ತಾಯ, ತನ್ನ ಕೈ ಕಟ್ಟಿಹೋಗಿದೆ ಎಂದ. ಗಲ್ಲಾದ ಹಿಂದಿನ ಗೋಡೆಯಲ್ಲಿ ಅವನು ನಾಯಿಮರಿ ಅಪ್ಪಿಕೊಂಡ ಫೋಟೋ ಇತ್ತು. "ಅಕ್ಕನೇ ಕೊಟ್ಟಿದ್ದು. ಲಾರಿಗೆ ಸಿಕ್ಕಿ ಎರಡು ವರ್ಷ ಆಯ್ತು. ಆಮೇಲೆ ಸಾಕೋಕೆ ಮನಸ್ಸೇ ಬರ್ಲಿಲ್ಲ," ಎಂದು ಕಣ್ಣೊರೆಸಿಕೊಂಡ. ಹೊರಡುವಾಗ ಕಾಂಪೌಂಡರಿಗೆ ನೆನಪು ಮಾಡಿದ, ಗಿರಾಕಿಯೊಬ್ಬರ ಬಾಣಂತಿ ನಾಯಿಗೆ ಕ್ಯಾಲ್ಸಿಯಂ ಟಾನಿಕ್ಕು ಬೇಕು, ಎಂದಿನಂತೆ ಎರಡು ಬಾಟಲಿ. ಆರೇಳು ತಿಂಗಳಿಗೊಮ್ಮೆ ಅವನು ತೆಗೆದುಕೊಂಡು ಹೋಗುವುದು ರೂಢಿಯಾಗಿದ್ದರಿಂದ ಕಾಂಪೌಂಡರು ಹೂಂ ಎಂದು ಸುಮ್ಮನಾದರು.

ಶನಿವಾರ ಡಾಕ್ಟರಮ್ಮ ನಾಲ್ಕೂ ಮನೆಗಳ ಕಾರ್ಡು ತರಿಸಿ ಮೇಜಿನ ಮೇಲೆ ಹರಡಿದರು. ಕೆಂಪುದಾರ, ನೀಲಿದಾರ, ಹಸಿರುದಾರ, ಹಳದಿದಾರ. ಕಾಂಪೌಂಡರು ಒಂದೊಂದನ್ನೇ ಓದಿದರು, ಮತ್ತೊಮ್ಮೆ ಓದಿದರು. ನಾಲ್ಕರಲ್ಲೂ ತೂಕ ಒಂದೇ, ಗ್ರಾಂ ಲೆಕ್ಕದಲ್ಲಿ ಒಂದೇ. ಎಂಟನೆಯ ದಿನ ಏಳುನೂರ ತೊಂಬತ್ತು, ಒಂಬತ್ತನೆಯ ದಿನ ಏಳುನೂರ ಅರವತ್ತು. ಕಾರ್ಡುಗಳು ಒಟ್ಟಿಗೆ ಕಣ್ಣಿಗೆ ಬೀಳದಿದ್ದರಿಂದ ಇದು ಯಾರಿಗೂ ಹೊಳೆದಿರಲಿಲ್ಲ.

"ಒಂದೇ ಕಾರ್ಡು ನೋಡಿ ನಾಲ್ಕು ಕಾಪಿ ಹೊಡೆದಿದಾರೆ. ಅಕ್ಕನ ಪುಸ್ತಕಗಳನ್ನ ತನ್ನಿ," ಎಂದರು ಡಾಕ್ಟರಮ್ಮ.

ಮೂವತ್ತು ಗ್ರಾಂ ಇಳಿದ ಆ ಮರಿ ನಾಲ್ಕು ವರ್ಷ ಹಿಂದಿನ ಸೂಲಿನಲ್ಲಿ ಸಿಕ್ಕಿತು. ಬಿಳಿದಾರ, ಹೆಣ್ಣು. ಒಂಬತ್ತನೆಯ ದಿನ ಪೆಟ್ಟಿಗೆಯ ಹಿಂದೆ ಸಿಕ್ಕಿಕೊಂಡು ಹಾಲು ತಪ್ಪಿತ್ತು, ಬಾಟಲಿ ಹಾಲು ಕುಡಿಸಿದೆ ಎಂದು ಪಕ್ಕದಲ್ಲೇ ಬರೆದಿತ್ತು. ಪುಟದ ಉಳಿದ ಭಾಗವನ್ನು ಡಾಕ್ಟರಮ್ಮ ತಾವೇ ಓದಿಕೊಂಡು ಪುಸ್ತಕ ಮುಚ್ಚಿದರು. ಆ ಮರಿ ಯಾರಿಗೆ ಹೋಯಿತೆಂದು ಫೋನಿನಲ್ಲಿ ಕೇಳಿದರೆ ದಾರದಕ್ಕ ಹೇಳಿದಳು, ಬಿಸ್ಕತ್ತಣ್ಣನಿಗೆ, ಪಾಪ ಸತ್ತೇ ಹೋಯಿತಲ್ಲ ಎಂದು. ಕಾಂಪೌಂಡರ ಉತ್ಸಾಹ ಇಳಿದುಹೋಯಿತು. ಸತ್ತ ನಾಯಿಯ ಕಾರ್ಡು ಕಸಕ್ಕೆ ಬಿದ್ದಿರುತ್ತದೆ, ಯಾರ ಕೈಗಾದರೂ ಸಿಕ್ಕಿರಬಹುದು. ಡಾಕ್ಟರಮ್ಮ ಮಾತ್ರ ಪೊಲೀಸ್ ಇನ್‌ಸ್ಪೆಕ್ಟರಿಗೆ ಫೋನು ಮಾಡಿ ಬಹಳ ಹೊತ್ತು ಮಾತಾಡಿದರು.

ಭಾನುವಾರ ಸಂಘದ ಸಭೆಗೆ ಮೊದಲೇ ಎಲ್ಲರೂ ಆಸ್ಪತ್ರೆಯ ಹೊರಕೋಣೆಯಲ್ಲಿ ಸೇರಿದರು. ಮೈದುನ ಗಡಿಯಾರ ನೋಡುತ್ತಿದ್ದ, ಕೆಲಸದಾಕೆ ಹಳೆಯ ಒಡತಿಯ ಕಡೆ ನೋಡದೆ ಕುಳಿತಿದ್ದಳು, ಬಿಸ್ಕತ್ತಣ್ಣ ದಾರದಕ್ಕನ ಪಕ್ಕದಲ್ಲೇ ಸಮಾಧಾನ ಹೇಳುತ್ತಿದ್ದ. ಒಳಗಿಂದ ಡ್ರೈವರೂ ಮಗಳೂ ಬಂದರು.

ಡಾಕ್ಟರಮ್ಮ ನಾಲ್ಕು ಕಾರ್ಡುಗಳನ್ನು ಮೇಜಿನ ಮೇಲಿಟ್ಟು, ಶನಿವಾರ ಕಂಡದ್ದನ್ನು ಮೊದಲು ಹೇಳಿದರು. ಮರಿಯನ್ನು ಒಂದು ದಿನವಾದರೂ ತೂಗಿದವರಿಗೆ ಯಾವ ಎರಡು ಮರಿಗಳೂ ಒಂದೇ ಥರ ಬೆಳೆಯುವುದಿಲ್ಲವೆಂದು ಗೊತ್ತಿರುತ್ತದೆ. ಮೂರು ವರ್ಷ ತೂಗಿದ ಕೆಲಸದಾಕೆ ಸುಳ್ಳು ಬರೆಯುವುದಿದ್ದರೆ ನಾಲ್ಕು ಬೇರೆ ಬೇರೆ ಸುಳ್ಳು ಬರೆಯುತ್ತಿದ್ದಳು. ಇದನ್ನು ಬರೆದವನಿಗೆ ತೂಕ ಬರೀ ಅಲಂಕಾರ. ಅಂಕಿ ಇದ್ದರೆ ಸಾಕು, ನೋಡುವವರು ನಂಬುತ್ತಾರೆಂದುಕೊಂಡ. ಒಂದು ಮರಿಗೆ ಹಾಲು ತಪ್ಪಿದ ದಿನವನ್ನೂ ಬಿಡದೆ ನಾಲ್ಕಕ್ಕೂ ಇಳಿಸಿಬಿಟ್ಟ.

"ಖಾಲಿ ಕಾರ್ಡು ಯಾರಿಗೆ ಹಾಕಿಕೊಟ್ರಿ?" ಎಂದು ಮೈದುನನನ್ನು ಕೇಳಿದರು.

"ಹೇಳಿದ್ನಲ್ಲ, ಸಂಘಕ್ಕೆ. ಅತ್ತಿಗೆ ಕಾರ್ಡನ್ನೇ ಎಲ್ಲರಿಗೂ ಮಾದರಿ ಮಾಡ್ತೀವಿ ಅಂತ ಕಾರ್ಯದರ್ಶಿಗಳೇ ತಗೊಂಡು ಹೋದ್ರು."

ಬಿಸ್ಕತ್ತಣ್ಣ ನಕ್ಕ. ಕಾರ್ಡು ಸಂಘದ ಬೀರುವಿನಲ್ಲಿದ್ದವು, ಯಾರು ಬೇಕಾದರೂ ತೆಗೆಯಬಹುದು ಎಂದ. ತನ್ನ ನಾಯಿಯಂತೂ ಸತ್ತು ಎರಡು ವರ್ಷವಾಗಿದೆ ಎಂದೂ ಸೇರಿಸಿದ.

"ಸತ್ತಿದ್ದನ್ನ ನೋಡಿದೋರು ಯಾರು?" ಎಂದರು ಡಾಕ್ಟರಮ್ಮ.

ಡಾಕ್ಟರಮ್ಮ ಪುಸ್ತಕ ತೆರೆದು ಬಿಳಿದಾರದ ಪುಟದಲ್ಲಿದ್ದ ಇನ್ನೊಂದು ಸಾಲು ಓದಿದರು: ಬಾಲದ ತುದಿಯಲ್ಲಿ ಗೆಣ್ಣು, ವಂಶದಲ್ಲಿ ಇಳಿಯುವ ದೋಷ, ಇದರಿಂದ ಮರಿ ಮಾಡಿಸಕೂಡದು. ಒಳಗೆ ಮಲಗಿದ್ದ ಮರಿಯ ಬಾಲದಲ್ಲೂ ಅದೇ ಜಾಗದಲ್ಲಿ ಅದೇ ಗೆಣ್ಣು. ಕಾರ್ಡನ್ನು ಕಸದಿಂದ ಎತ್ತಿಕೊಳ್ಳಬಹುದು, ಬಾಲವನ್ನು ಎತ್ತಿಕೊಳ್ಳಲಾಗದು. ಎರಡು ವರ್ಷದ ಹಿಂದೆ ಸತ್ತ ನಾಯಿ ಐದು ವಾರದ ಹಿಂದೆ ಮರಿ ಹಾಕದು.

"ಇನ್ನೊಂದು ವಿಷಯ ಕಾಂಪೌಂಡ್ರೇ ಹೇಳ್ತಾರೆ," ಎಂದರು.

ಕಾಂಪೌಂಡರಿಗೆ ತಾವೇನು ಹೇಳಬೇಕೆಂದು ಕ್ಷಣಕಾಲ ಗೊತ್ತಾಗಲಿಲ್ಲ. ಆಮೇಲೆ ಥಟ್ಟನೆ ಹೊಳೆಯಿತು. ಕ್ಯಾಲ್ಸಿಯಂ ಟಾನಿಕ್ಕು. ಎರಡು ವರ್ಷದಿಂದ ಆರೇಳು ತಿಂಗಳಿಗೊಮ್ಮೆ, ಹೆಣ್ಣುನಾಯಿ ಬೆದೆಗೆ ಬರುವ ಲೆಕ್ಕಕ್ಕೆ ಸರಿಯಾಗಿ, ತಮ್ಮ ಕೈಯಾರೆ ಕೊಟ್ಟಿದ್ದರು. ಒಂದು ಸಲವೂ ಆ ಗಿರಾಕಿ ಯಾರೆಂದು ಕೇಳಿರಲಿಲ್ಲ.

ಅವರು ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಹೊರಗೆ ಜೀಪು ನಿಂತಿತು. ಇನ್‌ಸ್ಪೆಕ್ಟರು ಬಿಸ್ಕತ್ತಣ್ಣನ ಗೋಡೌನಿನ ಹಿಂದಿನ ಶೆಡ್ಡಿನಿಂದ ಒಂದು ನಾಯಿಯನ್ನು ಕರೆತಂದಿದ್ದರು. ಪಕ್ಕೆಲುಬು ಎಣಿಸಬಹುದಿತ್ತು, ಮೊಲೆಗಳು ಜೋತುಬಿದ್ದಿದ್ದವು. ಬಾಲದ ತುದಿ ಸೊಟ್ಟಗಿತ್ತು.

ಬಿಸ್ಕತ್ತಣ್ಣನ ಮುಖ ಹುಳ್ಳಗಾಯಿತು. "ಮರಿ ಕೇಳೋರು ಜಾಸ್ತಿ, ಅಕ್ಕ ಕೊಡೋದು ಎರಡು ವರ್ಷಕ್ಕೊಂದು ಸಲ," ಎಂದ. "ನಾನಲ್ಲದೆ ಹೋದ್ರೆ ಇನ್ನೊಬ್ಬ ಮಾಡ್ತಿದ್ದ." ಹೆಲ್ಮೆಟ್ ಹಾಕಿಕೊಂಡು ಹೋದವನು ತಾನೇ ಎಂದೂ ಒಪ್ಪಿಕೊಂಡ. ಇನ್‌ಸ್ಪೆಕ್ಟರು ಅವನನ್ನು ಹೊರಗೆ ಕರೆದೊಯ್ದರು.

ದಾರದಕ್ಕ ಅವನ ಕಡೆ ನೋಡಲೇ ಇಲ್ಲ. ನೆಲದ ಮೇಲೆ ಕುಳಿತು ಕೈ ಚಾಚಿದಳು. ನಾಯಿ ಮೂಸಿತು, ಹತ್ತಿರ ಬರಲಿಲ್ಲ. ಗೋಡೆ ಸವರಿಕೊಂಡು ಕೋಣೆಯ ಮೂಲೆಗೆ ನಡೆದು, ಅಲ್ಲಿದ್ದ ತೂಕದ ಮಷಿನ್ನಿನ ಮೇಲೆ ಹತ್ತಿ ಕುಳಿತುಬಿಟ್ಟಿತು. ಮಷಿನ್ ಕಂಡರೆ ಮೇಜಿನಡಿ ಅಡಗುವ ನಾಯಿಗಳನ್ನು ಕಾಂಪೌಂಡರು ಸಾವಿರ ನೋಡಿದ್ದರು, ತಾನಾಗಿ ಹತ್ತಿ ಕುಳಿತದ್ದು ಇದೊಂದೇ. ತೂಗಿಸಿಕೊಂಡ ಮೇಲೆ ಮುದ್ದು ಸಿಗುತ್ತದೆಂಬುದು ಅದಕ್ಕೆ ನೆನಪಿತ್ತೋ ಏನೋ.

"ಸತ್ತೋಯ್ತು ಅಂದ ತಕ್ಷಣ ನಂಬಿಬಿಟ್ಟೆ ಅಮ್ಮಾ. ಒಂದ್ಸಲ ಹೋಗಿ ನೋಡ್ಲಿಲ್ಲ," ಎಂದಳು ದಾರದಕ್ಕ, ನಾಯಿಯ ತಲೆ ಸವರುತ್ತ. ಡಾಕ್ಟರಮ್ಮ ಆ ಮಾತಿಗೆ ಸಮಾಧಾನ ಹೇಳಲಿಲ್ಲ. ತಪ್ಪು ತಪ್ಪೇ ಎಂದು ಅವರಿಗೂ ಅನಿಸಿರಬೇಕು.

ಡ್ರೈವರ ಮಗಳು ಮೆಲ್ಲಗೆ ಹತ್ತಿರ ಬಂದು, ಮರಿ ಬೆಳಿಗ್ಗೆ ಎರಡು ಗುಟುಕು ನೀರು ಕುಡಿಯಿತು, ವಾಂತಿ ಮಾಡಿಕೊಳ್ಳಲಿಲ್ಲ ಎಂದಳು. ಆಮೇಲೆ ಹಿಂಜರಿಯುತ್ತ ಕೇಳಿದಳು. "ಅಜ್ಜೀ, ಅದು ನಿಮ್ಮ ಮರಿ ಅಲ್ಲ ಅಂತೆ, ಹೌದಾ?"

ನಾಲ್ಕು ದಿನದಿಂದ ಊರಿಗೆಲ್ಲ ಅದನ್ನೇ ಸಾರಿಕೊಂಡು ಬಂದಿದ್ದ ದಾರದಕ್ಕ ಹುಡುಗಿಯ ಮುಖ ನೋಡಿದಳು. "ನನ್ನದೇ ಪುಟ್ಟಿ. ಮೊಮ್ಮಗಳು," ಎಂದಳು. "ಹುಷಾರಾದ ಮೇಲೆ ವರ್ಷಾ ವರ್ಷ ತೂಗ್ಸೋಕೆ ಕರ್ಕೊಂಡು ಬರ್ಬೇಕು. ಬರದೆ ಹೋದ್ರೆ ನಾನೇ ನಿಮ್ಮನೆಗೆ ಬಂದು ನೋಡ್ತೀನಿ."

ಕಾಂಪೌಂಡರು ಮಷಿನ್ನಿನ ಅಂಕಿ ಓದಿದರು. ಇಪ್ಪತ್ತೆಂಟು ಕಿಲೋ ಇರಬೇಕಾದ ನಾಯಿ ಹತ್ತೊಂಬತ್ತಿತ್ತು. ದಾರದಕ್ಕ ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡು ಬಿಳಿದಾರದ ಪುಟ ತೆರೆದಳು. ಎರಡು ವರ್ಷದ ಹಿಂದೆ ‘ತೀರಿಕೊಂಡಿತು’ ಎಂದು ತಾನೇ ಬರೆದ ಸಾಲನ್ನು ಹೊಡೆದುಹಾಕಿ, ಅದರ ಕೆಳಗೆ ಅವತ್ತಿನ ತಾರೀಖು ಹಾಕಿ, ತೂಕ ಬರೆದಳು.