ಮಾತಿಲ್ಲದ ವಾರ್ಡು

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಶಾಲೆಯ ಸಭಾಂಗಣದ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಒಳಗೆ ಬಂದವನ ತೋಳಿನಲ್ಲಿ ಒಂದು ಜಿಂಕೆಮರಿ ಇತ್ತು. ಅದರ ನಾಲ್ಕೂ ಗೊರಸು ಸುಟ್ಟಿದ್ದವು. ಡಾಕ್ಟರ್ ಎಲ್ಲಿ ಎಂದು ಕೇಳಲು ಅವನು ಬಾಯಿ ತೆರೆದನಷ್ಟೆ. ಪ್ರಾಣಿವೈದ್ಯೆಯೇ ಓಡಿ ಬಂದು ಕೈಗವಸು ತೊಟ್ಟ ತನ್ನ ಅಂಗೈಯನ್ನು ಅವನ ತುಟಿಯ ಮುಂದೆ ಹಿಡಿದಳು.

ಕಾಳ್ಗಿಚ್ಚು ನಂದಿದ ಮೇಲೆ ಆ ಸಭಾಂಗಣ ಕಾಡುಪ್ರಾಣಿಗಳ ಆಸ್ಪತ್ರೆಯಾಗಿತ್ತು. ಸುಟ್ಟ ಮೊಲಗಳು, ರೆಕ್ಕೆ ಕರಕಲಾದ ಗೂಬೆ, ಕಣ್ಣು ಬಿಡಲಾರದ ಮುಳ್ಳುಹಂದಿ. ಇವುಗಳ ಪಾಲಿಗೆ ಮನುಷ್ಯರ ದನಿ ಎಂದರೆ ಬೇಟೆಯ ದನಿ. ಮೊದಲ ದಿನ ಯಾರೋ ಜೋರಾಗಿ ನಕ್ಕದ್ದಕ್ಕೆ ಒಂದು ಮೊಲದ ಎದೆಬಡಿತ ಅವಳ ಬೆರಳ ಕೆಳಗೇ ನಿಂತುಹೋಗಿತ್ತು. ಅಂದೇ ಅವಳು ಕಟ್ಟುನಿಟ್ಟು ಮಾಡಿದಳು: ವಾರ್ಡಿನೊಳಗೆ ಪಿಸುಮಾತೂ ಇಲ್ಲ, ಎಲ್ಲವೂ ಕೈಸನ್ನೆ. ಅಂಗೈ ಕೆಳಗಾದರೆ ನಿಧಾನ, ಎರಡು ಬೆರಳು ಎತ್ತಿದರೆ ಬಟ್ಟೆ ಕೊಡಿ, ಮುಷ್ಟಿ ಎತ್ತಿದರೆ ಎಲ್ಲ ಬಿಟ್ಟು ದೂರ ಸರಿಯಿರಿ.

ಬಂದವನಿಗೆ ಇದೇನೂ ಗೊತ್ತಿಲ್ಲ. ಅವಳ ಸನ್ನೆ ನೋಡಿ ತಾನೂ ಸನ್ನೆಗಿಳಿದ. ಮರಿ ಎಲ್ಲಿ ಸಿಕ್ಕಿತು ಎಂಬುದನ್ನು ಕಣ್ಣರಳಿಸಿ, ಕತ್ತು ಚಾಚಿ, ಬೆರಳುಗಳನ್ನು ಮೇಜಿನ ಮೇಲೆ ಕುಂಟಿಸಿ ತೋರಿಸಿದ. ಅವಳು ನಗು ತಡೆಯಲು ಮಾಸ್ಕಿನೊಳಗೆ ತುಟಿ ಕಚ್ಚಿಕೊಂಡಳು.

ಹೊರಗೆ ಜಗಲಿಯಲ್ಲಿ ಅವನ ಚಿಕ್ಕಮ್ಮ ಹೊಲಿಗೆ ಮಷಿನ್ನಿನ ಮುಂದೆ ಕೂತಿದ್ದರು. ಮನೆ, ಟೈಲರ್ ಅಂಗಡಿ ಎರಡೂ ಬೂದಿಯಾಗಿ, ಊರಿನ ಉಳಿದವರಂತೆ ಅವರೂ ಶಾಲೆಯ ಕ್ಲಾಸ್‌ರೂಮಿನಲ್ಲಿದ್ದರು. ಎರವಲು ಮಷಿನ್ನಿನಲ್ಲಿ ಶಾಲೆಯ ಪರದೆಗಳನ್ನು ಕತ್ತರಿಸಿ ಪ್ರಾಣಿಗಳ ಸುಟ್ಟ ಪಾದಗಳಿಗೆ ಕಾಲುಚೀಲ ಹೊಲಿಯುತ್ತಿದ್ದರು.

"ಪಾಪ, ಚಿಕ್ಕಮ್ಮ," ಎಂದ ಅವನು. "ಅಷ್ಟು ಒಳ್ಳೆ ಡಾಕ್ಟ್ರು. ಮಾತು ಬರಲ್ವಲ್ಲ."

ಅದೇ ಹೊತ್ತಿಗೆ ಅವಳು ಹೊರಬಂದು, ಮುಲಾಮು ಕಳಿಸದ ಔಷಧಿ ಅಂಗಡಿಯವನನ್ನು ಫೋನಿನಲ್ಲಿ ಉಸಿರು ಬಿಡದೆ ತರಾಟೆಗೆ ತೆಗೆದುಕೊಂಡಳು. ಅವನ ಕಿವಿ ಕೆಂಪಾಗಿದ್ದನ್ನು ಓರೆಗಣ್ಣಿನಲ್ಲಿ ನೋಡಿ, ಫೋನ್ ಇಟ್ಟ ಮೇಲೆ ಬೆರಳುಗಳನ್ನು ಗಾಳಿಯಲ್ಲಿ ಕುಂಟಿಸಿ ತೋರಿಸಿದಳು.

"ಮರಿ ಹೀಗೇ ಅಲ್ವಾ ನಡೀತಿದ್ದಿದ್ದು?"

ಚಿಕ್ಕಮ್ಮ ನಕ್ಕು ನಕ್ಕು ಹೊಲಿಗೆಯನ್ನೇ ಸೊಟ್ಟ ಮಾಡಿದರು.

ಊರೆಲ್ಲ ಅವನನ್ನು ಕರೆಯುತ್ತಿದ್ದುದು ಮರಕುಟಿಗ ಎಂದು. ಬೆಂಕಿ ಹಾದುಹೋದ ಮರಗಳ ಕಾಂಡಕ್ಕೆ ಕೊಡತಿಯಿಂದ ಕುಟ್ಟಿ, ಕಿವಿಯಿಟ್ಟು ಕೇಳಿ, ಪೊಳ್ಳಾದವುಗಳಿಗೆ ಬಿಳಿ ಬಣ್ಣ ಬಳಿಯುವುದು ಅವನ ಕೆಲಸ. ಮೇಲೆ ಹಸಿರಾಗಿ ನಿಂತ ಮರದ ಬೇರಿನಲ್ಲೂ ಕೆಂಡ ವಾರಗಟ್ಟಲೆ ಹೊಗೆಯಾಡುತ್ತಿರುತ್ತದೆ ಎಂದು ಅವನೇ ಅವಳಿಗೆ ಹೇಳಿದ್ದ. ಬೀಳುವುದಕ್ಕೆ ಗಾಳಿಯೂ ಬೇಕಿಲ್ಲವಂತೆ. ರಸ್ತೆಯ ಬದಿಯ ಮರಗಳನ್ನು ಅವನು ನೋಡಿ ಮುಗಿಸುವ ತನಕ ಊರಿನವರು ತಮ್ಮ ಮನೆಗಳ ಜಾಗಕ್ಕೂ ಕಾಲಿಡುವಂತಿರಲಿಲ್ಲ.

ಸಂಜೆ ಕಾಡಿನಿಂದ ಬಂದವನು ಸ್ನಾನ ಮಾಡಿ ವಾರ್ಡಿಗೆ ಬರುತ್ತಿದ್ದ. ಅವಳು ಬ್ಯಾಂಡೇಜ್ ಬದಲಿಸುವಾಗ ಮರಿಯ ಕಣ್ಣಿಗೆ ಬಟ್ಟೆ ಮುಚ್ಚಿ ಹಿಡಿಯುತ್ತಿದ್ದ. ಮಾತಿಲ್ಲದ ಜಾಗದಲ್ಲಿ ನೋಟಕ್ಕೆ ಹೊರೆ ಹೆಚ್ಚು. ಅವಳು ಎರಡು ಬೆರಳು ಎತ್ತಿದರೆ ಅವನು ಬಟ್ಟೆಯನ್ನು ಕೊಡುತ್ತ ಒಂದು ಚಣ ಹೆಚ್ಚೇ ಹಿಡಿದಿರುತ್ತಿದ್ದ. ಅವಳು ಹುಬ್ಬು ಗಂಟಿಕ್ಕುತ್ತಿದ್ದಳು. ಅವನು ಮುಖವನ್ನು ಮರಿಯ ಕಡೆಗೆ ತಿರುಗಿಸಿ, ಅದೇ ಎಳೆಯಿತು ಎಂಬಂತೆ ದೂರುತ್ತಿದ್ದ. ಒಮ್ಮೆ ಅವಳ ಕಣ್ಣಿಗೆ ಬಿದ್ದ ಕೂದಲನ್ನು ಸರಿಸಲು ಕೈ ತಂದವನು ಅರ್ಧದಲ್ಲೇ ನಿಲ್ಲಿಸಿ ಕಣ್ಣಿನಲ್ಲೇ ಅಪ್ಪಣೆ ಕೇಳಿದ. ಅವಳು ಅಂಗೈ ಕೆಳಗೆ ಮಾಡಿದಳು. ನಿಧಾನ. ಅವನು ನಿಧಾನವಾಗಿಯೇ ಸರಿಸಿದ.

ಆದರೆ ಅವನು ಬರುವ ಮುನ್ನಿನ ಗಂಟೆಗಳೇ ಬೇರೆ. ಗುಡ್ಡದ ಕಡೆಯಿಂದ ಆಗೊಮ್ಮೆ ಈಗೊಮ್ಮೆ ಮರ ಉರುಳುವ ಸದ್ದು ಕೇಳುತ್ತಿತ್ತು. ಪಂಜರಗಳಲ್ಲಿ ಎಲ್ಲ ಕಿವಿಗಳೂ ನೆಟ್ಟಗಾಗುತ್ತಿದ್ದವು, ಅವಳವೂ. ಅವನ ಜೀಪು ಗೇಟಿನೊಳಗೆ ಬರುವವರೆಗೆ ಅವಳು ಊಟದ ತಟ್ಟೆ ಮುಟ್ಟುತ್ತಿರಲಿಲ್ಲ. ಹೆದರಿಕೆ ದೇಹವನ್ನು ಹೇಗೆ ಒಳಗಿನಿಂದ ತಿನ್ನುತ್ತದೆಂದು ಅವಳು ಓದಿದ್ದಳು. ಈಗ ತನ್ನದೇ ಒಣಗಿದ ಬಾಯಿಯಲ್ಲಿ ಅದನ್ನು ಕಾಣುತ್ತಿದ್ದಳು. ಒಂದು ಸಂಜೆ ಜೀಪು ಬಂತು, ಅವನು ಬರಲಿಲ್ಲ. ಜೊತೆಯವನ ಮೇಲೆ ಮರ ಬಿದ್ದು ಸೊಂಟ ಮುರಿದಿದೆ, ಅವನನ್ನು ಪೇಟೆ ಆಸ್ಪತ್ರೆಗೆ ಸೇರಿಸಲು ಹೋಗಿದ್ದಾನೆ ಎಂದು ಡ್ರೈವರ್ ಹೇಳಿ ಮುಗಿಸುವಷ್ಟರಲ್ಲಿ ಅವಳು ಮೆಟ್ಟಿಲಿಳಿದು ಜೀಪಿನ ಹಿಂದಿನ ಸೀಟಿನಲ್ಲಿ ಇಣುಕಿ ನೋಡಿದ್ದಳು.

ಮರುದಿನ ಅವಳು ನಲ್ಲಿಯ ಹತ್ತಿರ ಬಟ್ಟಲು ತೊಳೆಯುತ್ತಿದ್ದಾಗ ಅವನು ಬಂದು ನಿಂತ. ಚಿಕ್ಕಮ್ಮನ ಕೈಲಿ ನಿಮ್ಮ ಮನೆಯವರ ಜೊತೆ ನಮ್ಮ ಮದುವೆ ಮಾತಾಡಿಸಲಾ ಎಂದು ಕೇಳಿದ. ಕೇಳುವಾಗ ಅವಳ ಮುಖ ನೋಡದೆ ಬಟ್ಟಲನ್ನೇ ನೋಡುತ್ತಿದ್ದ.

"ಬೇಡ," ಎಂದಳು ಅವಳು. "ನೀವು ಬೇಡ ಅಂತಲ್ಲ. ದಿನಾ ಸಂಜೆ ಜೀಪಿನ ಸದ್ದಿಗೆ ಕಿವಿ ಕೊಟ್ಕೊಂಡು ಕೂರೋ ಬಾಳು ನನ್ನ ಕೈಲಾಗಲ್ಲ."

ತೊಳೆದ ಬಟ್ಟಲುಗಳನ್ನು ಅವನು ಎತ್ತಿಕೊಂಡು ಒಳಗಿಟ್ಟು ಹೋದ. ಆಮೇಲೆ ಚಿಕ್ಕಮ್ಮ ಮಾತ್ರ ಸೂಜಿಗೆ ದಾರ ಪೋಣಿಸುತ್ತ ಗೊಣಗಿದರು. "ನನ್ನ ಮಗನಿಗೂ ಒಂದು ಜೊತೆ ಕಾಲುಚೀಲ ಹೊಲೀಲಾ ಡಾಕ್ಟ್ರೇ? ಅವನೂ ಕೆಂಡದ ಮೇಲೇ ಓಡಾಡ್ತಿದಾನೆ."

ಅವನು ವಾರ್ಡಿಗೆ ಬರುವುದನ್ನು ಬಿಟ್ಟ. ಅವಳಿಗೆ ಜೀಪಿನ ಸದ್ದಿಗೆ ಕಾಯುವುದನ್ನು ಬಿಡಲಾಗಲಿಲ್ಲ.

ಜಿಂಕೆಮರಿಯ ಗೊರಸುಗಳು ಗಟ್ಟಿಯಾದವು. ಅದನ್ನು ಬಿಡಲು ತೊರೆಯ ಪಕ್ಕ ಹೊಸ ಹುಲ್ಲು ಚಿಗುರಿದ ಒಂದು ಬಯಲನ್ನು ಅವನೇ ಆರಿಸಿ, ಸುತ್ತಲಿನ ಮರಗಳನ್ನೆಲ್ಲ ಕುಟ್ಟಿ ನೋಡಿದ್ದ. ಬಿಡುವ ದಿನ ಮಧ್ಯಾಹ್ನ ಪೆಟ್ಟಿಗೆಯನ್ನು ಇಬ್ಬರೂ ಹೊತ್ತು ನಡೆದರು. ಕಾಲ ಕೆಳಗೆ ಬೂದಿ ಮೆತ್ತಗಿತ್ತು. ಹಕ್ಕಿಯಿಲ್ಲ, ಕೀಟವಿಲ್ಲ. ಕಾಡು ಉಸಿರು ಹಿಡಿದುಕೊಂಡಂತೆ ಅವಳಿಗೆ ಅನ್ನಿಸಿತು. ಮರಿ ಬೆದರಬಾರದೆಂದು ಇಲ್ಲೂ ಮಾತಿಲ್ಲ.

ಅವನು ಪೆಟ್ಟಿಗೆಯ ಹಿಂದೆ ಮಂಡಿಯೂರಿ ಬಾಗಿಲಿನ ಹಗ್ಗ ಎಳೆದ. ಅವಳು ದೂರದಲ್ಲಿ ನಿಂತು ಮರಿಯ ನಡಿಗೆ ನೋಡಬೇಕಿತ್ತು. ಮರಿ ಮೂತಿ ಹೊರಹಾಕಿತು, ಒಂದು ಕಾಲಿಟ್ಟಿತು, ನಿಂತಿತು. ಅವನು ಅದನ್ನೇ ನೋಡುತ್ತಿದ್ದ. ಅವನ ಬೆನ್ನ ಹಿಂದೆ ಬಣ್ಣ ಬಳಿಯದ, ಚಿಗುರೊಡೆದ ಒಂದು ದೊಡ್ಡ ಮರ.

ಅದರ ಬುಡದಲ್ಲಿ ಮಣ್ಣು ಒಳಕ್ಕೆ ಜಾರುತ್ತಿತ್ತು. ಬಿರುಕಿನಿಂದ ದಾರದಷ್ಟು ತೆಳ್ಳಗಿನ ಹೊಗೆ ಎದ್ದಿತು. ಅವನು ಕುಟ್ಟಿ ನೋಡಿದ್ದು ಕಾಂಡವನ್ನು. ಕೆಂಡ ಆಮೇಲೆ ನೆಲದೊಳಗೇ ಹರಿದು ಬೇರಿಗೆ ಬಂದಿತ್ತು.

ಅವಳು ಮುಷ್ಟಿ ಎತ್ತಿದಳು.

ಅವನು ಅವಳ ಕಡೆ ನೋಡಲಿಲ್ಲ. ಅವಳು ಇನ್ನೂ ಎತ್ತರಕ್ಕೆ ಎತ್ತಿದಳು, ಬೀಸಿದಳು. ಬಾಯಿ ಇದೆ ಎನ್ನುವುದೇ ಅವಳಿಗೆ ಮರೆತುಹೋಗಿತ್ತು. ತಾನೇ ಮಾಡಿದ ಕಟ್ಟಳೆ ಮೂಳೆಯವರೆಗೆ ಇಳಿದು, ದನಿ ಎತ್ತಿದರೆ ಒಂದು ಜೀವ ಹೋಗುತ್ತದೆ ಎಂದು ಗಂಟಲನ್ನು ಅಮುಕಿ ಹಿಡಿದಿತ್ತು. ಮಣ್ಣಿನಡಿ ಒಂದು ಬೇರು ಪಟ್ ಎಂದು ಹರಿಯಿತು. ಇನ್ನೊಂದು.

"ಓಡು!"

ಆ ಕೂಗು ತನ್ನದೆಂದು ಅವಳಿಗೇ ಗುರುತು ಸಿಗಲಿಲ್ಲ. ಮರಿ ಜಿಗಿಯಿತು. ಅವನು ತಿರುಗದೆ, ಯಾಕೆ ಎನ್ನದೆ, ಹೇಳಿದಂತೆ ಮುಂದಕ್ಕೆ ಓಡಿದ. ಆಮೇಲೆ ನೆಲವೇ ನಡುಗಿತು. ಬೂದಿ ಎದ್ದು ಹಗಲು ಕಪ್ಪಾಯಿತು.

ಅವಳು ಕೈ ಚಾಚಿಕೊಂಡು ಆ ಕಪ್ಪಿನೊಳಗೆ ನಡೆದಳು. ಕರೆದಳು. ಮತ್ತೆ ಕರೆದಳು. ಕೈಗೆ ಕೊಂಬೆ ಸಿಕ್ಕಿತು, ಬಿಸಿ ತೊಗಟೆ ಸಿಕ್ಕಿತು, ಮುರಿದ ಪೆಟ್ಟಿಗೆಯ ಹಲಗೆ ಸಿಕ್ಕಿತು. ಹಲಗೆಯ ಕೆಳಗೆ ಕೈ ಹಾಕಲು ಅವಳಿಗೆ ಧೈರ್ಯ ಬರಲಿಲ್ಲ. ಆದರೂ ಹಾಕಿದಳು. ಬರೀ ಬೂದಿ.

ಆಚೆ ಯಾರೋ ಕೆಮ್ಮಿದರು.

ತಲೆಯಿಂದ ಕಾಲಿನವರೆಗೆ ಬೂದಿಯಾಗಿ ಅವನು ಎದ್ದು ಬಂದ. "ಮರಿ?" ಎಂದ ಮೊದಲು.

"ಹಾಳಾಗ್ ಹೋಗ್ಲಿ ನಿಮ್ಮ ಮರಿ," ಎಂದು ಅವಳು ಎರಡೂ ಕೈಗಳಿಂದ ಅವನ ಎದೆಗೆ ಗುದ್ದಿದಳು. ಗುದ್ದಿದ ಕೈಗಳು ಅಲ್ಲಿಂದ ವಾಪಸು ಬರಲಿಲ್ಲ. ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದೇ ಇದ್ದವು. ಮರಿ ತೊರೆ ದಾಟಿ ಓಡಿದ್ದನ್ನು ತಾನು ಕಂಡೆನೆಂದು ಅಂಗಿ ಬಿಡದೆಯೇ ಹೇಳಿದಳು.

"ಇವತ್ತು ನೋಡಿದ ಮೇಲಂತೂ ನಿಮ್ಮನ್ನ ಕೇಳೋ ಮುಖ ಇಲ್ಲ ನನಗೆ," ಎಂದ ಅವನು. "ನೀವಂದಿದ್ದೇ ಸರಿ."

"ಸರಿ ಅಲ್ಲ. ಬೇಡ ಅಂದ್ರೆ ಹೆದರಿಕೆ ಬಿಟ್ಟು ಹೋಗತ್ತೆ ಅಂದ್ಕೊಂಡಿದ್ದೆ. ಹೋಗಿದ್ದು ನೀವು ಮಾತ್ರ." ಅವಳು ಅವನ ರೆಪ್ಪೆಯ ಮೇಲಿನ ಬೂದಿಯನ್ನು ಹೆಬ್ಬೆರಳಿನಿಂದ ಒರೆಸಿದಳು. "ಹೆದರಿಕೆ ಹೇಗಿದ್ರೂ ಇರತ್ತೆ. ಜೊತೆಗೆ ನೀವೂ ಇರಿ."

ಅವನು ಅವಳ ಹಣೆಗೆ ಹಣೆ ತಾಗಿಸಿ ನಿಂತ. ಚಿಕ್ಕಮ್ಮನಿಗೆ ಇವತ್ತೇ ಹೇಳಲಾ ಎಂದು ಕೇಳಿದ್ದಕ್ಕೆ, ಮದುವೆ ವಿಷಯ ಮಾತ್ರ ಹೇಳಿ, ಮರದ ವಿಷಯ ಬೇಡ ಎಂದಳು.

ಮರ ಬಿದ್ದದ್ದಕ್ಕೆ ಅವನು ಅರಣ್ಯ ಇಲಾಖೆಯ ಆಫೀಸಿಗೆ ವರದಿ ಕೊಡಬೇಕಿತ್ತು. ಬೂದಿ ಇಳಿದ ಮೇಲೆ ಅವನು ಟೇಪು ತೆಗೆದ. ಅವಳು ಅದರ ಒಂದು ತುದಿಯನ್ನು ಬಿದ್ದ ಕಾಂಡಕ್ಕೆ ಒತ್ತಿ ಹಿಡಿದಳು, ಇನ್ನೊಂದನ್ನು ಅವನು ಬೂದಿಯಲ್ಲಿ ಮೂಡಿದ್ದ ತನ್ನ ಕೊನೆಯ ಹೆಜ್ಜೆಯ ಹಿಮ್ಮಡಿಗೆ ಇಟ್ಟ. ಅಂತರ ಮೂವತ್ತೆಂಟು ಸೆಂಟಿಮೀಟರ್.