ಎರಡು ಗೇಟುಗಳ ನಡುವೆ ನಾಲ್ಕು ಸಾವಿರ ಮರಿ

ಕಬ್ಬಿಣದ ರಾಡು ಕಾರಿನ ಗಾಜಿಗೆ ಬಿತ್ತು. ಗಾಜು ನನ್ನ ತೊಡೆಯ ಮೇಲೆ ಬಿತ್ತು.

ನಾನು ಬ್ರೇಕ್ ಒತ್ತಲಿಲ್ಲ.

ಪಕ್ಕದಲ್ಲೇ ಓಡುತ್ತಿದ್ದ ಬಿಳಿ ಜೀಪಿನಿಂದ ಒಬ್ಬ ಅರ್ಧ ಹೊರಗೆ ಬಾಗಿದ್ದ.

"ಕಾಗದ ಕೊಡೋ! ಜೀವ ಉಳಿಸ್ಕೋ!"

"ಬೇಕಾದ್ರೆ ನನ್ನ ಹಾಗೆ ಕ್ಯೂನಲ್ಲಿ ನಿಂತು ತಗೋಳೋ!"

ನಗಬೇಡಿ. ಅದು ಬರೀ ಕಾಗದವೇ. ಪಶುವೈದ್ಯರು ಸಹಿ ಮಾಡಿದ ಆರೋಗ್ಯ ಪತ್ರದ ಮೂಲಪ್ರತಿ... ಕೋಳಿಮರಿಗಳದ್ದು!

ನಾನು ಗಡಿಯಲ್ಲಿ ಕ್ಲಿಯರಿಂಗ್ ಏಜೆಂಟ್. ಹತ್ತೊಂಬತ್ತು ವರ್ಷದಿಂದ ಮೊಹರು ಒತ್ತಿಸಿ ಲಾರಿ ದಾಟಿಸುತ್ತಿದ್ದೇನೆ. ಕಳೆದ ತಿಂಗಳು ಎರಡೂ ದೇಶದ ಮಂತ್ರಿಗಳು ಬಂದು ರಿಬ್ಬನ್ ಕತ್ತರಿಸಿದರು. ಇನ್ನು ಎಲ್ಲ ಆನ್‌ಲೈನ್, ನೆರೆಹೊರೆಯ ವ್ಯಾಪಾರಕ್ಕೆ ತಡೆಯೇ ಇಲ್ಲ ಎಂದರು. ನಾನು ನಂಬಲಿಲ್ಲ. ನನ್ನ ಅಕ್ಕ ನಂಬಿದಳು.

ಅವಳದು ಮೊಟ್ಟೆಯಿಂದ ಮರಿ ಮಾಡಿಸುವ ಫಾರಂ. ಆಚೆಯ ದೇಶದಿಂದ ಅವಳಿಗೆ ಮೊದಲ ಆರ್ಡರ್. ನಲವತ್ತು ಪೆಟ್ಟಿಗೆ, ಒಂದೊಂದರಲ್ಲಿ ನೂರು ಮರಿ.

ನಮ್ಮ ಗೇಟು ಮೊಹರು ಒತ್ತಿ ಲಾರಿ ಬಿಟ್ಟಿತು. ಆಚೆಯ ಗೇಟು "ಆನ್‌ಲೈನ್ ಪ್ರಿಂಟ್ ನಡೆಯಲ್ಲ, ಮೂಲಪ್ರತಿ ತನ್ನಿ" ಎಂದಿತು. ಲಾರಿ ಎರಡೂ ಗೇಟುಗಳ ನಡುವಿನ ಅರವತ್ತು ಮೀಟರಿನಲ್ಲಿ ಸಿಕ್ಕಿಕೊಂಡಿತು. ವಾಪಸ್ ತರೋಣವೆಂದರೆ ಅದು ಆಮದು! ನಮ್ಮದೇ ಮರಿಗೆ ಆಮದು ಪರವಾನಗಿ!

ಆಗತಾನೇ ಹುಟ್ಟಿದ ಮರಿ ಮೇವು, ನೀರು ಇಲ್ಲದೆ ತಾಳುವುದು ಹೆಚ್ಚೆಂದರೆ ಎಪ್ಪತ್ತೆರಡು ಗಂಟೆ. ಅರವತ್ತು ಮುಗಿದಿದ್ದವು.

ಜೀಪು ಒಬ್ಬ ದಲ್ಲಾಳಿಯದು. ದೂರದ ಶ್ರೀಮಂತ ದೇಶದಿಂದ ವಿಮಾನದಲ್ಲಿ ಮರಿ ತರಿಸಿ ಆಚೆ ಮಾರುವವನು. ಪಕ್ಕದ ದೇಶಕ್ಕೆ ಬಾಗಿಲು ತೆರೆದರೆ ಅವನ ಅಂಗಡಿ ಬಂದ್.

ಎರಡನೇ ಏಟು ಹಣೆಗೆ ತಗುಲಿತು. ಕಣ್ಣು ಕತ್ತಲಾಯಿತು. ಇಟ್ಟಿಗೆ ಭಟ್ಟಿಯ ಕಡೆಗೆ ಸ್ಟಿಯರಿಂಗ್ ತಿರುಗಿಸಿದೆ. ನನ್ನ ಹಳೇ ಕಾರು ಇಟ್ಟಿಗೆ ಅಟ್ಟಿಗಳ ಸಂದಿಯಲ್ಲಿ ನುಸುಳಿತು. ಜೀಪು ಅಗಲ... ಅಟ್ಟಿಗೇ ಗುದ್ದಿತು.

ಆದರೆ ಈ ಸುತ್ತುದಾರಿ ಹತ್ತು ನಿಮಿಷ ತಿಂದಿತು.

ಗೇಟು ಮುಟ್ಟಿದಾಗ ನನ್ನ ವಾಚಿನಲ್ಲಿ ನಾಲ್ಕು ಮೂವತ್ತಮೂರು. ಆಚೆಯ ಅಧಿಕಾರಿ ಗೋಡೆಯತ್ತ ಬೆರಳು ತೋರಿಸಿದ. ಅವರ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮುಂದೆ.

"ಐದು ಗಂಟೆ ಮೂರು ನಿಮಿಷ. ಸರಕು ಕೌಂಟರ್ ಐದಕ್ಕೆ ಕ್ಲೋಸ್."

"ಸಾರ್, ಮೂರೇ ನಿಮಿಷ!"

"ಗೊತ್ತು ಏಜೆಂಟರೇ. ನಿಮ್ಮ ಹಣೆಯಲ್ಲಿ ರಕ್ತ ಬರ್ತಿದೆ."

"ಅದಕ್ಕೆ ಯಾವ ಫಾರಂ ತುಂಬಲಿ?"

"ನಾಳೆ ನಮಗೆ ವಾರದ ರಜೆ. ನಾಡಿದ್ದು ಬನ್ನಿ."

"ನಾಡಿದ್ದು ನಮ್ಮ ಕಡೆ ರಜೆ!"

"ಹಾಗಾದ್ರೆ ಅದರ ಮಾರನೇ ದಿನ."

ಅಕ್ಕ ಲಾರಿಯೊಳಗೆ ಕೂತು ರಟ್ಟಿನಿಂದ ಪೆಟ್ಟಿಗೆಗಳಿಗೆ ಗಾಳಿ ಬೀಸುತ್ತಿದ್ದಳು. ನನ್ನ ಹಣೆ ನೋಡಿದಳು. ಏನಾಯಿತೆಂದು ಕೇಳಲಿಲ್ಲ.

"ಸದ್ದು ಕಡಿಮೆ ಆಗ್ತಿದೆ ಕಣೋ ತಮ್ಮಾ..."

ಲಾರಿಯ ಪಕ್ಕದಲ್ಲೇ ಕಾಲ್ನಡಿಗೆಯವರ ಸಾಲು. ಅವರ ಕೌಂಟರ್ ಏಳರವರೆಗೆ ತೆರೆದಿರುತ್ತದೆ. ಸಾಲಿನಲ್ಲಿದ್ದ ಸೋಪು ಮಾರುವವಳು ಇಣುಕಿದಳು.

"ಏನಣ್ಣಾ ಒದ್ದಾಟ? ತಲೆಗೊಂದು ಪೆಟ್ಟಿಗೆ ಮನೆಬಳಕೆಗೆ ಅಂತ ಬಿಡ್ತಾರಲ್ಲ? ನಾನು ದಿನಾ ದಾಟಲ್ವಾ?"

"ಕಾಗದ?"

"ಯಾವ ಕಾಗದ?"

ಹತ್ತೊಂಬತ್ತು ವರ್ಷ! ಆ ಸಾಲಿನ ಕಡೆ ನಾನು ಒಮ್ಮೆಯೂ ಕಣ್ಣು ಹಾಯಿಸಿರಲಿಲ್ಲ.

ಅಧಿಕಾರಿಯ ಬಳಿ ಓಡಿದೆ. ಅವನು ನಿಯಮದ ಪುಸ್ತಕ ತೆರೆದು ಎರಡು ಸಲ ಓದಿದ.

"ಪೆಟ್ಟಿಗೆ ಅಂತ ಇದೆ. ಒಳಗೆ ಏನಿರಬೇಕು ಅಂತ ಇಲ್ಲ."

ಸಾಲಿನಲ್ಲಿ ಮೂವತ್ತೊಂಬತ್ತು ಜನ. ಒಬ್ಬರೂ ಇಲ್ಲವೆನ್ನಲಿಲ್ಲ. ನಲವತ್ತನೆಯ ಪೆಟ್ಟಿಗೆ ನನ್ನ ತಲೆ ಮೇಲೆ.

"ಏನಿದು?" ಅಧಿಕಾರಿ ಕೇಳಿದ. ನಲವತ್ತನೇ ಸಲ!

"ಮನೆಬಳಕೆಗೆ ಸಾರ್."

"ಹೋಗಿ."

ಗೇಟಿನಾಚೆ ಇಪ್ಪತ್ತು ಹೆಜ್ಜೆಗೆ ಗಿರಾಕಿಯ ವ್ಯಾನು ಕಾದಿತ್ತು. ಅಕ್ಕ ಪ್ರತಿ ಪೆಟ್ಟಿಗೆಯ ಮುಚ್ಚಳ ಎತ್ತಿ ನೋಡಿದಳು. ಸತ್ತವು ಹನ್ನೊಂದು. ಉಳಿದವು ಕಿವಿ ಕಿತ್ತುಹೋಗುವಂತೆ ಕೂಗುತ್ತಿದ್ದವು. ಆರೋಗ್ಯ ಪತ್ರವನ್ನು ಅವಳು ನನ್ನ ಜೇಬಿನಿಂದ ಎಳೆದು, ಒದ್ದೆಯಾಗಿದ್ದ ಒಂದು ಪೆಟ್ಟಿಗೆಯ ತಳಕ್ಕೆ ಹಾಸಿದಳು.

ವಾಪಸ್ ಬರುವಾಗ ಆಚೆಯವರ ಸರಕು ಕೌಂಟರಿನ ಬೋರ್ಡಿನ ಮೇಲೆ ಗುಮಾಸ್ತ ಆ ದಿನದ ವರದಿ ಬರೆಯುತ್ತಿದ್ದ. 'ನೆರೆಯ ದೇಶದಿಂದ ಬಂದ ಸರಕು: ಇಲ್ಲ.'

ಕೆಳಗೆ ಕಾರಣದ ಖಾಲಿ ಜಾಗ. ಅವನು ಸೀಮೆಸುಣ್ಣ ಕಚ್ಚಿಕೊಂಡು ಸ್ವಲ್ಪ ಯೋಚಿಸಿದ.

'ಬೇಡಿಕೆ ಇಲ್ಲ' ಎಂದು ಬರೆದ.