ಎಡಗೈಗೆ ಜಾಗವಿಲ್ಲದ ಸಿಂಥಸೈಜರ್

"ಬೇಡ, ತಗೋಬೇಡಿ. ಅದು ನಿಮ್ಮ ಕೈಗೆ ಸಾಲಲ್ಲ."

ವಾದ್ಯದಂಗಡಿಯ ರಿಪೇರಿಯವನು ತಲೆಯನ್ನೂ ಎತ್ತದೆ ಹೇಳಿದ. ಅಷ್ಟು ಸಾಕಾಯಿತು, ಅವಳ ಮೈಯೆಲ್ಲ ಉರಿದುಹೋಯಿತು. ಮೊದಲೇ ಕೋಪ ಮೂಗಿನ ತುದಿಯಲ್ಲಿರುವ ಹುಡುಗಿ. ಮನೆಯಲ್ಲಿ ಅವಳನ್ನು ಕರೆಯುವುದೇ ಮೆಣಸಿನಕಾಯಿ ಅಂತ.

ವಾರವಿಡೀ ಹಲ್ಲಿನ ಡಾಕ್ಟರ ಪಕ್ಕ ನಿಂತು ಕಂಡವರ ಬಾಯೊಳಗೆ ಟಾರ್ಚ್ ಬಿಡುವುದು ಅವಳ ಕೆಲಸ. ಶನಿವಾರ ಕ್ಲಿನಿಕ್ ಬಾಗಿಲು ಹಾಕಿದ್ದೇ ತಡ, ಈ ವಾದ್ಯದಂಗಡಿಗೆ ಬಂದುಬಿಡುವಳು. ಕಿಟಕಿಯ ಪಕ್ಕ ಒಂದು ಪುಟ್ಟ ಸಿಂಥಸೈಜರ್ ಇತ್ತು. ಹಾರ್ಮೋನಿಯಂನಂತೆ ಕೀಗಳಿರುವ ಕರೆಂಟಿನ ವಾದ್ಯ, ಹೆಗಲಚೀಲದಲ್ಲಿ ಹಿಡಿಸುವಂಥದ್ದು, ಅವಳ ಸಂಬಳಕ್ಕೆ ಎಟುಕುವಂಥದ್ದು. ಸ್ಟೂಲ್ ಎಳೆದುಕೊಂಡು, ಹೆಡ್‌ಫೋನ್ ಹಾಕಿಕೊಂಡು, ಮನಸ್ಸಿಗೆ ಬಂದದ್ದನ್ನು ನುಡಿಸಿ, ಬರಿಗೈಯಲ್ಲಿ ಮನೆಗೆ ಹೋಗುವಳು.

"ಇಷ್ಟು ಸಲ ಗಂಡು ನೋಡಿದ್ರೆ ಮದುವೆನೇ ಆಗಿಹೋಗ್ತಿತ್ತು ಕಣೇ," ಎಂದು ಅತ್ತಿಗೆ ನಗುವಳು.

ಕೊಳ್ಳಲು ಧೈರ್ಯ ಸಾಲುತ್ತಿರಲಿಲ್ಲ. ಚಿಕ್ಕವಳಿದ್ದಾಗ ಮನೆತುಂಬ ನೆಂಟರ ಮುಂದೆ ಹಾರ್ಮೋನಿಯಂ ನುಡಿಸುತ್ತಿದ್ದಾಗ ಅಣ್ಣ ಕಿಸಕ್ಕನೆ ನಕ್ಕಿದ್ದ. ಅವನ ಹಿಂದೆ ಎಲ್ಲರೂ ನಕ್ಕರು. ಅಣ್ಣ ಅವತ್ತೇ ಮರೆತ, ಅವಳು ಮರೆಯಲಿಲ್ಲ. ಅಂದಿನಿಂದ ಅವಳು ನುಡಿಸಿದ್ದನ್ನು ಒಂದು ನರಪಿಳ್ಳೆಯೂ ಕೇಳಿಲ್ಲ. ಇದನ್ನು ಮನೆಗೆ ಒಯ್ದರೆ ಅಣ್ಣ "ಎಲ್ಲಿ, ಒಂದು ನುಡಿಸು ನೋಡೋಣ" ಅಂದೇ ಅನ್ನುತ್ತಾನೆ. ಅನ್ನಲಿ, ಏನಾದರಾಗಲಿ ಎಂದು ಹಲ್ಲು ಕಚ್ಚಿ ಇವತ್ತು ಬಂದಿದ್ದಳು. ಬಂದರೆ ಈ ಮಹಾರಾಯ ಹೀಗೆ!

"ಸಾಲಲ್ಲ ಅಂದ್ರೆ? ನನಗೆ ನುಡಿಸೋಕೆ ಬರಲ್ಲ ಅಂತಾನಾ?"

"ಅಯ್ಯೋ, ಅದಲ್ಲ ರೀ. ಇದರಲ್ಲಿ ಕೀಗಳು ಕಮ್ಮಿ. ನಿಮ್ಮ ಆ ಹೊಸ ಟ್ಯೂನ್ ಇದೆಯಲ್ಲ, ಅದರ ಕೊನೇಲಿ ಎಡಗೈ ಇನ್ನೂ ಕೆಳಗಿಳೀಬೇಕು. ಜಾಗ ಇಲ್ಲ. ಪ್ರತಿ ಸಲ ಅಲ್ಲೇ ನಿಂತುಬಿಡ್ತೀರಿ."

ಬೈಯಲು ಬಾಯಿ ತೆರೆದವಳಿಗೆ ತಟ್ಟನೆ ಏನೋ ಹೊಳೆಯಿತು.

"ನಾನು ಹೆಡ್‌ಫೋನ್ ಹಾಕ್ಕೊಂಡು ನುಡಿಸೋದು. ಎಲ್ಲಿ ನಿಲ್ತೀನಿ ಅಂತ ನಿಮಗೆ ಹೇಗೆ ಗೊತ್ತು?"

ರಿಪೇರಿಯವನ ಕಿವಿ ಕೆಂಪಾಯಿತು. ಅವನ ಕಿವಿ ಬೇಗ ಕೆಂಪಾಗುತ್ತದೆ ಎನ್ನುವುದನ್ನು ಅವಳು ಎಂದೋ ಗಮನಿಸಿದ್ದಳು, ಗಮನಿಸಿದ್ದಕ್ಕೆ ತನ್ನ ಮೇಲೇ ಸಿಡುಕಿದ್ದಳು ಕೂಡ. ಅವನು ಸಿಂಥಸೈಜರಿನ ಹಿಂಭಾಗ ತೋರಿಸಿದ. ಅಲ್ಲಿಂದ ಒಂದು ಕಪ್ಪು ವೈರು ಗೋಡೆಯಂಚಿಗೆ ಹರಿದು, ಅವನ ಮೇಜಿನ ಕೆಳಗಿನ ಸ್ಪೀಕರಿಗೆ ಹೋಗಿ ಸೇರಿತ್ತು.

"ಟೆಸ್ಟ್ ಮಾಡೋಕೆ ಹಾಕಿದ್ದೆ. ಹೆಡ್‌ಫೋನ್ ಹಾಕಿದ್ರೂ ಈ ವೈರಲ್ಲಿ ಸದ್ದು ಬರ್ತಾನೇ ಇರುತ್ತೆ. ನೀವು ಮೊದಲು ಬಂದ ದಿನ ತೆಗೆಯೋದು ಮರೆತುಹೋಗಿತ್ತು."

"ಆಮೇಲೆ?"

"ಆಮೇಲೆ... ಮರೆತಿರಲಿಲ್ಲ."

"ಥೂ! ನಾಚಿಕೆ ಆಗಲ್ವಾ ನಿಮಗೆ? ಕದ್ದು ಕೇಳ್ತೀರಾ?" ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು, ನೀರು ಬಂದದ್ದಕ್ಕೆ ಸಿಟ್ಟು ಇನ್ನೂ ಏರಿತು. "ಅಲ್ಲಿ ಕೂತ್ಕೊಂಡು ನಗ್ತಿದ್ರಾ?"

"ನಗೋದಾ?" ಈಗ ಅವನಿಗೂ ರೇಗಿತು. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕುಕ್ಕಿದ. "ಶನಿವಾರ ನಾನು ಊಟಕ್ಕೆ ಏಳಲ್ಲ ರೀ. ಯಜಮಾನರು ಬೈದ್ರೂ ಡ್ರಿಲ್ ಮುಟ್ಟಲ್ಲ. ಒಂದು ವಾರ ನೀವು ಬರಲಿಲ್ಲ, ಅವತ್ತು ನಾನು ಮಾಡಿದ ರಿಪೇರಿಯೆಲ್ಲ ವಾಪಸ್ ಬಂತು. ನಗೋದಂತೆ, ನಗೋದು!" ಆಮೇಲೆ ದನಿ ಇಳಿಯಿತು. "ತಪ್ಪು ನಂದೇ. ಹೇಳಿದ್ರೆ ಬರೋದನ್ನೇ ಬಿಡ್ತೀರಿ ಅಂತ ಹೆದರಿದೆ. ನೀವಂದ್ರೆ ನಂಗೆ ತುಂಬ ಇಷ್ಟ."

"ಓಹೋ! ಅದಕ್ಕೇ ತಗೋಬೇಡ ಅಂದಿದ್ದು?"

"ಅರ್ಧ ಅದಕ್ಕೆ, ತಗೊಂಡ್ರೆ ಮತ್ತೆ ಬರಲ್ಲ ಅಂತ. ಇನ್ನರ್ಧ ನಿಮ್ಮ ಎಡಗೈಗೆ."

ನಗು ಬರುವ ಹಾಗಾಯಿತು. ಈ ಹೊತ್ತಲ್ಲಿ ನಗುವುದೆಂದರೇನು ಎಂದು ಅವಳು ತುಟಿ ಬಿಗಿದುಕೊಂಡಳು. ಹೆಡ್‌ಫೋನಿನ ಪಿನ್ನನ್ನು ಸರಕ್ಕನೆ ಕಿತ್ತಳು.

"ಬನ್ನಿ ಇಲ್ಲಿ. ಕೇಳೋದಾದ್ರೆ ಎದುರಿಗೆ ನಿಂತು ಕೇಳಿ. ನಕ್ರೆ ಹಲ್ಲು ಉದುರಿಸ್ತೀನಿ, ನನಗದು ದಿನಾ ನೋಡೋ ಕೆಲಸ."

ಅವನು ಬಂದು ನಿಂತ. ಅವಳು ನುಡಿಸಿದಳು. ಕೊಳಲು ನೋಡುತ್ತಿದ್ದ ಗಿರಾಕಿ ತಿರುಗಿ ನಿಂತ. ನಡುವೆ ಒಂದು ಸ್ವರ ತಪ್ಪಿತು.

"ಹೋದ ವಾರ ಅಲ್ಲಿ ಬೇರೆ ಇತ್ತು," ಎಂದ ಅವನು ಮೆಲ್ಲಗೆ.

"ಬಾಯಿ ಮುಚ್ಚಿ!"

ಕೊನೆ ಬಂತು. ಎಡಗೈ ಕೆಳಗಿಳಿಯಿತು, ಕೀಗಳು ಮುಗಿದವು. ಅವಳ ಕೈ ಅಂಚಿನಲ್ಲಿ ತಡವರಿಸುತ್ತಿದ್ದಂತೆ ಅವನು ಬೆರಳು ಚಾಚಿ ಮೂಲೆಯ ಒಂದು ಬಟನ್ ಒತ್ತಿದ. ಅದೇ ಕೀಯಿಂದ ಅವಳಿಗೆ ಬೇಕಾಗಿದ್ದ ಆಳದ ಸ್ವರ ಬಂತು. ಸ್ವರ ನಿಲ್ಲುವವರೆಗೆ ಇಬ್ಬರೂ ಅಲ್ಲಾಡಲಿಲ್ಲ.

"ಈ ಬಟನ್ ಮೊದಲಿಂದ್ಲೂ ಇತ್ತಾ?"

"ಇತ್ತು."

"ಮತ್ತೆ ಸಾಲಲ್ಲ ಅಂದ್ರಿ!"

"ನಿಮ್ಮ ಎರಡು ಕೈಯೂ ಕೀ ಮೇಲಿರುತ್ತಲ್ಲ. ಅದನ್ನ ಒತ್ತೋಕೆ ಇನ್ನೊಂದು ಕೈ ಬೇಕು."

ಅವಳು ಅವನನ್ನು ದುರುಗುಟ್ಟಿ ನೋಡಿದಳು. ಅವನ ಕಿವಿ ಮತ್ತೆ ಕೆಂಪಾಯಿತು.

"ಪ್ಯಾಕ್ ಮಾಡಿ," ಎಂದಳು. "ಆ ದರಿದ್ರ ವೈರು ಇಲ್ಲೇ ಇರಲಿ. ನಾಳೆ ಸಂಜೆ ಮನೆಗೆ ಬನ್ನಿ. ಅಣ್ಣ ನುಡಿಸು ಅಂತಾನೆ. ಚಿಕ್ಕವಳಿದ್ದಾಗ ಒಮ್ಮೆ ನಕ್ಕಿದ್ದ."

"ಅಣ್ಣ ಮತ್ತೆ ನಕ್ರೆ?"

"ನಗಲಿ. ನೀವು ಪಕ್ಕದಲ್ಲಿ ಕೂತು ಆ ಬಟನ್ ಸರಿಯಾಗಿ ಒತ್ತಿ, ಸಾಕು."